ಹೊಟ್ಟೆಯೊಳಗೂ ಒಂದು ಪ್ರೆಶರ್ ಇದೆ!



ಪ್ರೆಶರ್ ಎಂದೊಡನೆ ನಮಗೆ ನೆನಪಾಗುವುದು ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಆದರೆ ಹೊಟ್ಟೆಯೊಳಗೂ ಒಂದು ಒತ್ತಡವಿದೆ, ಅದು ಏರಿದರೆ ಪ್ರಾಣಕ್ಕೇ ಅಪಾಯ ಎಂಬುದು ನಿಮಗೆ ಗೊತ್ತೆ? ಓಮದ ನೀರು ಕುಡಿದರೆ ಇಳಿಯುವ ಗ್ಯಾಸ್ ಮಾತಲ್ಲ ಇದು. ಐಸಿಯುನಲ್ಲಿ ಮಲಗಿರುವ ರೋಗಿಯ ವಿಷಯ.

ಹೊಟ್ಟೆಯನ್ನು ಬಾಯಿ ಕಟ್ಟಿದ ಚೀಲ ಎಂದುಕೊಳ್ಳಿ. ಸ್ವಲ್ಪ ಮಟ್ಟಿಗೆ ಹಿಗ್ಗುತ್ತದೆ, ಆಮೇಲೆ ಹಿಗ್ಗುವುದಿಲ್ಲ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ, ದೊಡ್ಡ ಸುಟ್ಟಗಾಯ, ಅಪಘಾತದಿಂದ ಒಳಗೇ ರಕ್ತಸ್ರಾವ, ಕರುಳು ಕಟ್ಟಿಕೊಳ್ಳುವುದು, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬುವುದು, ಇವೆಲ್ಲ ಚೀಲವನ್ನು ಬಿಗಿಗೊಳಿಸುತ್ತವೆ. ತೀವ್ರ ಡೆಂಗಿಯಲ್ಲೂ ರಕ್ತನಾಳಗಳಿಂದ ದ್ರವ ಸೋರಿ ಹೊಟ್ಟೆ ಸೇರಬಹುದು. ಜೀವ ಉಳಿಸಲು ಏರಿಸಿದ ಸಲೈನ್ ಕೂಡ ಅತಿಯಾದರೆ ಕರುಳನ್ನು ಊದಿಸುತ್ತದೆ.

ಚೀಲ ಬಿಗಿಯಾದಾಗ ಏನಾಗುತ್ತದೆ? ವಪೆ ಮೇಲಕ್ಕೆ ತಳ್ಳಲ್ಪಟ್ಟು ಶ್ವಾಸಕೋಶಕ್ಕೆ ಜಾಗ ಸಾಲದು. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಇಳಿಮುಖವಾಗುತ್ತದೆ. ಇಲ್ಲೇ ಎಡವಟ್ಟು. ಮೂತ್ರ ಕಡಿಮೆಯಾಯಿತೆಂದು ಇನ್ನಷ್ಟು ಸಲೈನ್ ಏರಿಸಿದರೆ ಒತ್ತಡ ಮತ್ತೂ ಏರಬಹುದು.

ಕಾಯಿಲೆ ಬಿದ್ದ ವಯಸ್ಕರಲ್ಲಿ ಈ ಒತ್ತಡ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಪಾದರಸದಷ್ಟು. 12 ಅಥವಾ ಅದಕ್ಕಿಂತ ಹೆಚ್ಚಾಗಿ ನಿಂತರೆ ಎಚ್ಚರಿಕೆಯ ಗಂಟೆ. 20 ದಾಟಿ, ಜೊತೆಗೆ ಯಾವುದಾದರೂ ಅಂಗ ಹೊಸದಾಗಿ ಕೈಕೊಟ್ಟರೆ ಅದು 'ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್', ಅಂದರೆ ತುರ್ತು ಸ್ಥಿತಿ. ಮಕ್ಕಳಲ್ಲಿ ಮಿತಿ ಇನ್ನೂ ಕಡಿಮೆ.

ಹೊಟ್ಟೆ ಒತ್ತಿ ನೋಡಿದರೆ ವೈದ್ಯರಿಗೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ನುರಿತ ಕೈಗೂ ಇದು ಎಷ್ಟೋ ಸಲ ತಪ್ಪುತ್ತದೆಂದು ಅಧ್ಯಯನಗಳು ತೋರಿಸಿವೆ. ಅಳೆಯಲೇಬೇಕು. ಅದೇನೂ ದುಬಾರಿಯಲ್ಲ. ಐಸಿಯು ರೋಗಿಗೆ ಸಾಮಾನ್ಯವಾಗಿ ಮೂತ್ರದ ಕ್ಯಾಥೆಟರ್ ಹಾಕಿಯೇ ಇರುತ್ತಾರೆ. ರೋಗಿಯನ್ನು ಅಂಗಾತ ಮಲಗಿಸಿ, ಅದರ ಮೂಲಕ ಹೆಚ್ಚೆಂದರೆ 25 ಮಿಲಿಲೀಟರ್ ಸಲೈನ್ ಬಿಟ್ಟು, ಉಸಿರು ಪೂರ್ತಿ ಹೊರಬಿಟ್ಟ ಕ್ಷಣದಲ್ಲಿ ಒತ್ತಡ ನೋಡುತ್ತಾರೆ. ಈ ವಿಧಾನ 1984ರಿಂದಲೂ ಪರಿಚಿತ.

ಆದರೂ ಎಲ್ಲೆಡೆ ಅಳೆಯುವುದಿಲ್ಲ. 2015ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಬಹುತೇಕ ವೈದ್ಯರಿಗೆ ಈ ತೊಂದರೆಯ ಹೆಸರು ಗೊತ್ತಿತ್ತು. ಅದರ ಬಗ್ಗೆ ತಜ್ಞರ ಸಂಘ ಒಪ್ಪಿದ ವ್ಯಾಖ್ಯೆಗಳು ಗೊತ್ತಿದ್ದವರು ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ!

ಬೇಗ ಗೊತ್ತಾದರೆ ಉಪಾಯಗಳು ಸರಳ. ಮೂಗಿನ ನಳಿಕೆಯಿಂದ ಜಠರ ಖಾಲಿ ಮಾಡುವುದು, ಎನಿಮಾ ಕೊಡುವುದು, ನೋವು ತಗ್ಗಿಸಿ ಸ್ನಾಯು ಸಡಿಲಿಸುವುದು, ತುಂಬಿದ ನೀರನ್ನು ಸೂಜಿಯಿಂದ ತೆಗೆಯುವುದು, ಸಲೈನ್ ಲೆಕ್ಕ ಬಿಗಿಮಾಡುವುದು. ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ದಾರಿ ಆಪರೇಷನ್. ಹೊಟ್ಟೆ ತೆರೆದು ಕೆಲವು ದಿನ ಹೊಲಿಯದೆ, ತಾತ್ಕಾಲಿಕ ಹೊದಿಕೆ ಹಾಕಿ ಇಡುತ್ತಾರೆ. 'ಹೊಟ್ಟೆ ಹೊಲಿದೇ ಇಲ್ಲವಂತೆ' ಎಂದು ಗಾಬರಿ ಬೀಳಬೇಡಿ. ಒಳಗಿನ ಅಂಗಗಳಿಗೆ ಉಸಿರಾಡಲು ಜಾಗ ಕೊಟ್ಟಿದ್ದಾರೆ ಎಂದುಕೊಳ್ಳಿ.

ಊರಿನಿಂದ ದೂರ, ಪರಭಾಷೆಯ ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವ ಸರದಿ ನಮ್ಮಲ್ಲಿ ಯಾರಿಗೂ ಬರಬಹುದು. ನಿಮ್ಮವರ ಹೊಟ್ಟೆ ಬಿಗಿದು ಉಬ್ಬಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಉಸಿರಾಟ ಕಷ್ಟವಾಗುತ್ತಿದ್ದರೆ ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ವಿನಯದಿಂದ ಒಂದು ಮಾತು ಕೇಳಿ: "ಡಾಕ್ಟ್ರೇ, ಹೊಟ್ಟೆಯ ಪ್ರೆಶರ್ ಅಳೆದಿದ್ದೀರಾ?" 'ಇನ್ನೊಂದು ಬಾಟ್ಲಿ ಏರಿಸಿ' ಎಂದು ಮಾತ್ರ ಒತ್ತಾಯಿಸಬೇಡಿ, ಅದನ್ನು ಅವರಿಗೇ ಬಿಡಿ. ನಿಮ್ಮ ಪ್ರಶ್ನೆಯಿಂದ ವೈದ್ಯರಿಗೆ ಬೇಸರವಾಗದು. ಸಮಯಕ್ಕೆ ಕೇಳಿದ ಒಂದು ಪ್ರಶ್ನೆ ಒಂದು ಜೀವ ಉಳಿಸಿದರೂ ಸಾಕಲ್ಲವೇ?