ಮರಳಿನಡಿಯ ಚಪ್ಪಟೆ ಮೀನಿಗೆ ಗಾಳ

ಹಾಲಿಬಟ್ ಕಡಲಿನ ತಳಕ್ಕೆ ಅಂಟಿಕೊಂಡು ಬದುಕುವ ಚಪ್ಪಟೆ ಮೀನು. ಶಾಂತಸಾಗರದ ಉತ್ತರ ಭಾಗದಲ್ಲಿ ಅದು ಆಳೆತ್ತರ ಮೀರಿ ಬೆಳೆಯುತ್ತದೆ. 1996ರಲ್ಲಿ ಅಲಾಸ್ಕಾದಲ್ಲಿ ಗಾಳಕ್ಕೆ ಬಿದ್ದ ಒಂದು ಹಾಲಿಬಟ್ 208 ಕಿಲೋ ತೂಗಿತ್ತು. ಕರ್ನಾಟಕದ ಕಡಲಿನಲ್ಲಿ ಅಂಥ ದೈತ್ಯನಿಲ್ಲ. ಆದರೆ ಅದರ ದೂರದ ನೆಂಟರು ಮಂಗಳೂರಿನಿಂದ ಕಾರವಾರದವರೆಗೂ ಇದ್ದಾರೆ. ಮಳೆಗಾಲ ಕಳೆದ ಮೇಲೆ ಮೀನು ಮಾರುಕಟ್ಟೆಯಲ್ಲಿ ರಾಶಿ ಬೀಳುವ, ನಾಲಿಗೆಯಾಕಾರದ ನಂಗು ಇವರಲ್ಲಿ ಎಲ್ಲರಿಗೂ ಪರಿಚಿತ. ಗಾಳ ಹಿಡಿದವರು ಹುಡುಕಬೇಕಾದದ್ದು ಮಾತ್ರ ದೊಡ್ಡ ಬಾಯಿಯ ಇನ್ನೊಂದು ಮೀನನ್ನು. ವ್ಯಾಪಾರದಲ್ಲಿ ಅದಕ್ಕೆ ಇಂಡಿಯನ್ ಹಾಲಿಬಟ್ ಎಂದೇ ಹೆಸರು. ವಿಜ್ಞಾನಿಗಳು ಸೆಟೋಡಿಸ್ ಎರುಮೈ ಎನ್ನುತ್ತಾರೆ. ಇದರಲ್ಲಿ ‘ಎರುಮೈ’ ತಮಿಳಿನದು, ಅರ್ಥ ಎಮ್ಮೆ.

ಚಪ್ಪಟೆ ಮೀನುಗಳ ಮರಿಗಳು ಹುಟ್ಟುವಾಗ ಉಳಿದ ಮೀನುಗಳಂತೆಯೇ ನೆಟ್ಟಗೆ ಈಜುತ್ತವೆ. ತಲೆಯ ಎರಡೂ ಬದಿಗೆ ಒಂದೊಂದು ಕಣ್ಣಿರುತ್ತದೆ. ಕೆಲವು ವಾರಗಳಲ್ಲಿ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಅಲ್ಲಿಂದ ಮೀನು ಹೆಚ್ಚಾಗಿ ಒಂದು ಮಗ್ಗುಲಿಗೆ ಮಲಗಿಯೇ ಇರುತ್ತದೆ. ಮೇಲಿನ ಮಗ್ಗುಲು ಮರಳಿನ ಬಣ್ಣ, ಕೆಳಗಿನದು ಬಿಳಿ. ನಂಗಿಗೆ ಕಣ್ಣುಗಳು ಯಾವಾಗಲೂ ಎಡಕ್ಕೆ. ಇಂಡಿಯನ್ ಹಾಲಿಬಟ್‌ನಲ್ಲಿ ಈ ಕಟ್ಟಳೆ ಸಡಿಲ, ಕೆಲವಕ್ಕೆ ಎಡ, ಕೆಲವಕ್ಕೆ ಬಲ. ತಳಕ್ಕೆ ಇಳಿದ ಮೀನು ಅಂಚಿನ ರೆಕ್ಕೆಗಳನ್ನು ಪಟಪಟನೆ ಬಡಿದು ಮರಳೆಬ್ಬಿಸುತ್ತದೆ. ಎದ್ದ ಮರಳು ಅದರ ಮೈಮೇಲೆಯೇ ಕೂರುತ್ತದೆ, ಎರಡು ಕಣ್ಣು ಮಾತ್ರ ಹೊರಗುಳಿಯುತ್ತವೆ. ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೊಂಚು ಹಾಕಿ ಹಿಡಿಯುವುದು ಇದರ ಜಾಯಮಾನ. ಗಾಳದ ಎಲ್ಲ ಉಪಾಯಗಳೂ ಈ ಒಂದು ಗುಣವನ್ನೇ ನಂಬಿವೆ.

ನಂಗಿನ ಬಾಯಿ ಪುಟ್ಟದು, ಸೊಟ್ಟ. ಮರಳಿನ ಹುಳು, ಸಣ್ಣಪುಟ್ಟ ಸಿಗಡಿಜಾತಿಯ ಜೀವಿಗಳೇ ಅದರ ಆಹಾರ. ಆದ್ದರಿಂದ ಅದು ಗಾಳಕ್ಕಿಂತ ಬಲೆಗೇ ಹೆಚ್ಚು ಸಿಗುವ ಮೀನು. ಇಂಡಿಯನ್ ಹಾಲಿಬಟ್ ಹಾಗಲ್ಲ. ಅಗಲವಾದ ಬಾಯಿ, ಚೂಪಾದ ಹಲ್ಲು, ಮೀನನ್ನೇ ತಿನ್ನುವ ಚಾಳಿ. ಅರ್ಧ ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಸಾಮಾನ್ಯವಾಗಿ 20ರಿಂದ 40 ಮೀಟರ್ ಆಳದಲ್ಲಿರುವುದರಿಂದ ಇದಕ್ಕೆ ದೋಣಿ ಬೇಕು. ದಡದಿಂದಲೇ ಗಾಳ ಎಸೆಯುವವರಿಗೆ ಅಳಿವೆಗಳಲ್ಲಿ ಸಿಗುವುದು ಹಲ್ಲಿರುವ ಸಣ್ಣ ಫ್ಲೌಂಡರ್ ಮೀನು. ಅದೇ ಮರಳಿನಲ್ಲಿ ಕಾಣೆ ಮೀನೂ ಇರುವುದರಿಂದ ಕೈ ಬರಿದಾಗುವುದು ಕಡಿಮೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೆರೆಗಳಲ್ಲೋ ಜಯಮಂಗಲಿ ನದಿಯ ಮಡುಗಳಲ್ಲೋ ಗಾಳ ಹಾಕಿ ಕೈ ಪಳಗಿದವರು ಕಡಲಿಗೆ ಬಂದಾಗ ಮೊದಲು ಬಿಡಬೇಕಾದದ್ದು ಬೆಂಡನ್ನು. ಕೆರೆಯಲ್ಲಿ ಬೆಂಡು ತೇಲುತ್ತದೆ, ಎರೆಹುಳು ನಡುನೀರಿನಲ್ಲಿ ತೂಗುತ್ತದೆ, ಬೆಂಡು ಮುಳುಗಿದರೆ ಮೀನು ಕಚ್ಚಿದೆ ಎಂದರ್ಥ. ಚಪ್ಪಟೆ ಮೀನಿನ ಕಣ್ಣು ತಳದಲ್ಲಿದೆ. ಎರೆಯೂ ತಳದಿಂದ ಒಂದು ಗೇಣಿನೊಳಗೇ ಇರಬೇಕು. ಇಲ್ಲಿ ಕಚ್ಚಿದ ಸುದ್ದಿ ಕಣ್ಣಿಗೆ ತಿಳಿಯುವುದಿಲ್ಲ, ದಾರ ಹಿಡಿದ ಬೆರಳಿಗೆ ತಿಳಿಯುತ್ತದೆ.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಂಡೆಯ ತಳ ಬೇಡ, ಮರಳು ಅಥವಾ ಮರಳು ಬೆರೆತ ಕೆಸರು ಬೇಕು. ನೇತ್ರಾವತಿ–ಗುರುಪುರ ನದಿಗಳು ಸೇರುವ ಉಳ್ಳಾಲ–ಬೆಂಗ್ರೆ, ಸುವರ್ಣಾ–ಸೀತಾ ನದಿಗಳ ಕೋಡಿಬೆಂಗ್ರೆ, ಐದು ಹೊಳೆಗಳು ಕೂಡುವ ಗಂಗೊಳ್ಳಿ, ಶರಾವತಿಯ ಹೊನ್ನಾವರ, ಅಘನಾಶಿನಿಯ ತದಡಿ, ಇವೆಲ್ಲವೂ ನದಿ ಮರಳು ತಂದು ಸುರಿಯುವ ಅಳಿವೆಗಳು. ಇಲ್ಲಿ ದಿಣ್ಣೆ ಮುಗಿದು ಆಳ ಶುರುವಾಗುವ ಅಂಚನ್ನು ಗುರುತಿಸಬೇಕು. ನೀರಿಳಿದಾಗ ದಡದಲ್ಲಿ ನಿಂತು ನೋಡಿದರೆ ದಿಣ್ಣೆ, ಹಳ್ಳ, ಹರಿವಿನ ದಾರಿ ಎಲ್ಲವೂ ಕಾಣುತ್ತವೆ. ಸೆಳೆತದೊಂದಿಗೆ ಸಣ್ಣ ಮೀನು ಇದೇ ಅಂಚಿನಲ್ಲಿ ಸಾಗುತ್ತದೆ, ಹೊಂಚು ಹಾಕುವ ಮೀನು ಇಲ್ಲೇ ಕಾಯುತ್ತದೆ.

ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನೀರು ಪೂರ್ತಿ ನಿಂತಾಗ ಕಚ್ಚು ಕಡಿಮೆ. ಉಬ್ಬರ ಏರತೊಡಗಿದ ಮೊದಲ ಎರಡು ಗಂಟೆ ಮತ್ತು ಇಳಿತ ಶುರುವಾದ ಮೇಲಿನ ಹೊತ್ತು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರಾಗಿ ಗಾಳದ ಸೀಸದ ಗುಂಡು ತಳದಲ್ಲಿ ನಿಲ್ಲುವುದಿಲ್ಲ. ಹೊಸಬರು ಅಷ್ಟಮಿಯ ಹತ್ತಿರದ ದಿನಗಳನ್ನು ಆರಿಸಿಕೊಂಡರೆ ಸಲೀಸು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದಡದ ಗಾಳಕ್ಕೂ ಕಡಲು ಅಪಾಯವೇ. ಮಳೆ ತಗ್ಗಿ ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದಾಚೆ ಕಲಿಯಲು ಹೊರಡುವುದು ಲೇಸು.

ಸಲಕರಣೆ ಹೆಚ್ಚು ಬೇಡ. ದಾರದ ಮೇಲೆ ಸಲೀಸಾಗಿ ಜಾರುವ ಸೀಸದ ಗುಂಡು, ಅದರ ಕೆಳಗೆ ದಾರ ಮುರಿಗೆ ಬೀಳದಂತೆ ತಡೆಯುವ ಸ್ವಿವೆಲ್, ಅಲ್ಲಿಂದ ಎರಡು ಗೇಣು ಉದ್ದದ ದಪ್ಪ ತುದಿದಾರ, ಕೊನೆಯಲ್ಲಿ ಒಂದು ಕೊಕ್ಕೆ. ಗುಂಡು ಜಾರುವಂತಿದ್ದರೆ ಎರೆ ಎಳೆದ ಮೀನಿಗೆ ಭಾರ ತಿಳಿಯುವುದಿಲ್ಲ. ಅದು ಎರೆಯನ್ನು ಉಗುಳದೆ ನುಂಗುತ್ತದೆ. ಹಲ್ಲು ಚೂಪಾಗಿರುವುದರಿಂದ ತುದಿದಾರ ತೆಳುವಾಗಬಾರದು. ಎರೆಗೆ ತಾಜಾ ಸಿಗಡಿ ಅಥವಾ ಬೂತಾಯಿ, ಬಂಗುಡೆಯನ್ನು ಬೆರಳುದ್ದಕ್ಕೆ ಸೀಳಿದ ಪಟ್ಟಿ ಸಾಕು. ಪಟ್ಟಿಯ ಒಂದು ತುದಿಗೆ ಮಾತ್ರ ಕೊಕ್ಕೆ ಚುಚ್ಚಿದರೆ ಉಳಿದದ್ದು ನೀರಿನಲ್ಲಿ ಮೀನಿನ ಬಾಲದಂತೆ ಬಳುಕುತ್ತದೆ.

ಎರೆ ಒಂದೇ ಕಡೆ ಬಿದ್ದಿರಬಾರದು. ದೋಣಿಯಲ್ಲಿದ್ದರೆ ಎಂಜಿನ್ ನಿಲ್ಲಿಸಿ ಸೆಳೆತಕ್ಕೆ ಬಿಡಬೇಕು. ಗುಂಡು ಟಕ್ ಟಕ್ ಎಂದು ತಳ ಮುಟ್ಟುತ್ತಾ ಸಾಗುತ್ತದೆ. ದಡದಲ್ಲಿದ್ದರೆ ದೂರ ಎಸೆದು ಎರಡು ಮೊಳ ಎಳೆದು, ಸ್ವಲ್ಪ ತಡೆದು, ಮತ್ತೆ ಎಳೆಯಬೇಕು. ಮೊದಲ ಜಗ್ಗು ಸಿಕ್ಕ ಕೂಡಲೇ ಹೊಸಬರು ಗಳುವನ್ನು ಎತ್ತಿ ಎಳೆದುಬಿಡುತ್ತಾರೆ. ಕೈಗೆ ಬರುವುದು ಬರೀ ಕೊಕ್ಕೆ. ಚಪ್ಪಟೆ ಮೀನು ಮೊದಲು ಎರೆಯನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಒಳಕ್ಕೆ ತೆಗೆದುಕೊಳ್ಳುತ್ತದೆ. ದಾರ ಸಡಿಲಿಸಿ ನಾಲ್ಕೈದು ಎಣಿಸಿ, ಭಾರ ತಿಳಿದ ಮೇಲೆ ಒಂದೇ ಸಮನೆ ಎಳೆಯಬೇಕು. ನೀರಿನ ಮೇಲೆ ಬೆಳಕು ಕಂಡ ಕೂಡಲೇ ಮೀನು ಮತ್ತೆ ತಳಕ್ಕೆ ಧುಮುಕುತ್ತದೆ. ಆಗ ದಾರ ಬಿಟ್ಟುಕೊಡಬೇಕು. ಕೈಬಲೆಯನ್ನು ಮುಂದಾಗಿ ನೀರಿನಲ್ಲಿ ಮುಳುಗಿಸಿಟ್ಟು, ಮೀನನ್ನು ತಲೆಯ ಕಡೆಯಿಂದ ಅದರೊಳಕ್ಕೆ ನಡೆಸಬೇಕು.

ಅದೇ ಮರಳಿನಲ್ಲಿ ತೊರಕೆಯೂ ಅಡಗಿರುತ್ತದೆ. ಚಾವಟಿಯಂಥ ಬಾಲ, ಅದರಲ್ಲಿ ವಿಷದ ಮುಳ್ಳು ಇರುವ ಆ ಮೀನನ್ನು ಚಪ್ಪಟೆ ಮೀನೆಂದು ತಿಳಿದು ಕೈಹಾಕಬಾರದು. ತೊರಕೆ ಗಾಳಕ್ಕೆ ಬಿದ್ದರೆ ದಾರ ಕತ್ತರಿಸಿಬಿಡುವುದೇ ಜಾಣತನ. ನೀರಿಗಿಳಿದಾಗ ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆಯುತ್ತಾ ನಡೆದರೆ ಅದು ಸದ್ದಿಗೆ ಸರಿದುಹೋಗುತ್ತದೆ. ಮುಳ್ಳು ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿನೀರಿನಲ್ಲಿಟ್ಟು ತಡಮಾಡದೆ ಆಸ್ಪತ್ರೆ ಸೇರಬೇಕು. ಅಳಿವೆಯ ಬಾಯಿಯಲ್ಲಿ ಅಲೆ, ಸೆಳೆತ ಎದುರುಬದುರಾಗಿ ದೋಣಿ ಮಗುಚುವುದುಂಟು. ಜೀವರಕ್ಷಕ ಜಾಕೆಟ್ ಇಲ್ಲದೆ, ಸ್ಥಳೀಯ ಮೀನುಗಾರರ ಮಾತು ಕೇಳದೆ ಅದನ್ನು ದಾಟಬಾರದು. ಕಡಲಿನಲ್ಲಿ ಆಪತ್ತು ಬಂದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಅಂಗೈಗಿಂತ ದೊಡ್ಡದಲ್ಲದ ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು. ತಳವನ್ನೇ ಗುಡಿಸಿ ಸಾಗುವ ಟ್ರಾಲ್ ಬಲೆ ಮರಿ, ದೊಡ್ಡದು ಎಂದು ನೋಡುವುದಿಲ್ಲ. ಗಾಳಕ್ಕೆ ಆ ಆಯ್ಕೆ ಇದೆ. ಇಟ್ಟುಕೊಂಡ ಮೀನನ್ನು ಕೂಡಲೇ ಮಂಜುಗಡ್ಡೆಗೆ ಹಾಕಬೇಕು. ನಂಗಾದರೆ ತಲೆಯ ಬಳಿ ಚರ್ಮಕ್ಕೆ ಸಣ್ಣ ಗೀರು ಹಾಕಿ, ಬೆರಳಿಗೆ ಉಪ್ಪು ಹಚ್ಚಿಕೊಂಡು ಎಳೆದರೆ ಚರ್ಮ ಅಂಗಿ ಕಳಚಿದಂತೆ ಬಾಲದವರೆಗೆ ಬರುತ್ತದೆ. ಹಾಲಿಬಟ್‌ಗೆ ಚಾಕು ಬೇಕು. ತಲೆಯಿಂದ ಬಾಲದವರೆಗೆ ನಡುಗೆರೆಯಲ್ಲಿ ಸೀಳಿ, ಮುಳ್ಳಿಗೆ ತಾಗಿಸಿಕೊಂಡು ಅಂಚಿನ ಕಡೆಗೆ ಕೊಯ್ದರೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಬಿಳಿ ಹೋಳು. ಅವು ರವೆ ಹಚ್ಚಿ ಕಾವಲಿಗೆ. ಉಳಿದ ತಲೆ, ನಡುಮುಳ್ಳು ಸಾರಿಗೆ.