ರಾಗಿಯಲ್ಲಿರುವ ಸುಣ್ಣದ ಅಂಶವೂ ಜರಡಿಯಿಂದಾಗುವ ನಷ್ಟವೂ

ರಾಗಿಯನ್ನುಂಡವನಿಗೆ ಕಸುವು ಹೆಚ್ಚೆಂಬುದನ್ನು ನಮ್ಮ ರೈತರಿಗೆ ಯಾರೂ ತಿಳಿಸಬೇಕಾದುದಿಲ್ಲ. ಆದರೆ ಆ ಗುಣವು ಕಾಳಿನ ಯಾವ ಭಾಗದಲ್ಲಿ ಅಡಗಿರುವುದೆಂಬುದನ್ನು ಅರಿಯದೆ, ಅನೇಕರು ಅದನ್ನು ಜರಡಿಯಿಂದ ತೆಗೆದು ಕಲಗಚ್ಚಿನ ಬಾನಿಗೆ ಸುರಿಯುವರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಮೇರೆಗೆ, 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು 364 ಮಿಲಿಗ್ರಾಂ ಇರುವುದು. ಅಷ್ಟೇ ತೂಕದ ಗೋಧಿಯಲ್ಲಿ ಇದು ಸುಮಾರು 39. ಪಾಲಿಷ್ ಮಾಡಿದ ಅಕ್ಕಿಯಲ್ಲಿ 7 ಅಥವಾ 8 ಮಾತ್ರ. ಎಲುಬು ಹಲ್ಲುಗಳು ಬಲಿಯಬೇಕಾದ ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ, ಹಾಲು ಸಾಲದ ಮನೆಗಳಲ್ಲಿ ಇದೇ ದೊಡ್ಡ ಆಸರೆ. ಕಬ್ಬಿಣದ ಅಂಶದಲ್ಲಿ ಮಾತ್ರ ರಾಗಿಯನ್ನು ಅತಿಯಾಗಿ ಹೊಗಳಲಾಗದು. ಅದು ಗೋಧಿಗಿಂತ ತುಸು ಮೇಲು, ಸಜ್ಜೆಗಿಂತ ಕಡಿಮೆ.

ರಾಗಿಯ ಒಳತಿರುಳು ಮೃದುವಾದುದು. ಮೇಲಣ ಸಿಪ್ಪೆಯು ಅದಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದು. ಆದುದರಿಂದಲೇ ಭತ್ತದಂತೆ ರಾಗಿಯನ್ನು ಸುಲಭವಾಗಿ ಪಾಲಿಷ್ ಮಾಡಲು ಬಾರದು, ಸಿಪ್ಪೆಸಹಿತವಾಗಿಯೇ ಬೀಸುವರು. ಸುಣ್ಣದ ಅಂಶವು ತಿರುಳಿಗಿಂತ ಈ ಸಿಪ್ಪೆಯಲ್ಲಿಯೇ ದಟ್ಟವಾಗಿರುವುದು. ಹಿಟ್ಟು ಬೆಳ್ಳಗಿದ್ದರೆ ನಾಜೂಕೆಂಬ ಭ್ರಮೆಯಿಂದ ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸುವವರು ಕೆಚ್ಚಲನ್ನು ಬಿಟ್ಟು ಕೊಂಬನ್ನು ಹಿಂಡಿದಂತೆ ಮಾಡುವರು.

ಆದರೆ ಸಿಪ್ಪೆಯಲ್ಲಿ ಒಗರಿನ ಪದಾರ್ಥವೂ ಫೈಟಿಕ್ ಆಮ್ಲವೂ ಇವೆ. ಇವು ಸುಣ್ಣ ಕಬ್ಬಿಣಗಳನ್ನು ಹಿಡಿದಿಟ್ಟು, ಅವು ಪೂರ್ಣವಾಗಿ ದೇಹಕ್ಕೆ ಹತ್ತದಂತೆ ಮಾಡುವುವು. ಇದಕ್ಕೆ ಪರಿಹಾರ ಸಿಪ್ಪೆಯನ್ನು ಎಸೆಯುವುದಲ್ಲ, ಕಾಳನ್ನು ಮೊಳೆಯಿಸುವುದು. ರಾಗಿಯನ್ನು ಒಂದು ರಾತ್ರಿ ನೆನೆಯಿಸಿ, ನೀರು ಬಸಿದು, ಒದ್ದೆಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಬೇಕು. ಮೊಳೆತ ಮೇಲೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಬೇರುಗಳನ್ನು ತಿಕ್ಕಿ ಕೇರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಬೆಚ್ಚಗೆ ಮಾಡಿ ಬೀಸಬೇಕು. ಬೂಷ್ಟು ಹತ್ತಿದ ಕಾಳನ್ನು ಬಳಸಕೂಡದು. ಮೊಳೆಯುವಾಗ ಫೈಟಿಕ್ ಆಮ್ಲವು ಬಹುಮಟ್ಟಿಗೆ ಕರಗುವುದು. ಇನ್ನೊಂದು ಲಾಭವೂ ಉಂಟು: ಮೊಳಕೆಯ ಹಿಟ್ಟಿನ ಗಂಜಿಯು ಬೇಗ ಗಟ್ಟಿಯಾಗದು; ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಹಿಟ್ಟನ್ನು ಉಣಿಸಬಹುದು. ಕಪ್ಪಗೆ ಹುರಿದರೆ ಈ ಗುಣ ಕೆಡುವುದು.

ರಾಗಿಯಲ್ಲಿ ಸಸಾರಜನಕವು ನೂರಕ್ಕೆ ಏಳರಷ್ಟು ಮಾತ್ರ. ಮುದ್ದೆಯ ಜೊತೆಗೆ ಹುರುಳಿ ಅಥವಾ ಅವರೆಯ ಸಾರು ಇರಲೇಬೇಕು. ಸೊಪ್ಪಿನ ಸಾರಿಗೆ ನಿಂಬೆಯನ್ನು ಹಿಂಡಿದರೆ ಕಬ್ಬಿಣವು ಚೆನ್ನಾಗಿ ಹತ್ತುವುದು. ಊಟದ ಬೆನ್ನಿಗೇ ಕಾಫಿ, ಚಹಾ ಸಲ್ಲದು.

ಅನ್ನಪ್ರಾಶನದ ಹೊಸದರಲ್ಲಿ ಎಳೆಗೂಸಿಗೆ ವಸ್ತ್ರಗಾಳಿತ ಮಾಡಿದ ರಾಗಿ ಸರಿಯೇ ಹಿತ. ಮಗು ಮನೆಯ ಊಟವನ್ನು ಉಣ್ಣತೊಡಗಿದ ಮೇಲೆ ಇಡಿಯ ಹಿಟ್ಟನ್ನೇ ಕೊಡತಕ್ಕದ್ದು.