ಕನ್ನಡ ಸತ್ಯವೇದದಲ್ಲಿ ಕೃಪೆಯ ಪರಿಭಾಷೆ

ಮನುಷ್ಯನಿಗೆ ರಕ್ಷಣೆಯು ಅವನ ಪುಣ್ಯದ ಬಲದಿಂದ ದೊರೆಯದು, ದೇವರ ಕೃಪೆಯೊಂದರಿಂದಲೇ ದೊರೆಯುವುದು ಎಂಬುದೇ ಕ್ರೈಸ್ತ ಸುವಾರ್ತೆಯ ಸಾರವೆಂದು ಪ್ರಾಟೆಸ್ಟೆಂಟ್ ಪಂಥದವರ ಮತ. ಈ ತತ್ತ್ವವು ಕನ್ನಡಕ್ಕೆ ಬಂದಾಗ ಅದನ್ನು ಹೇಳಲು ಶಬ್ದಗಳ ಕೊರತೆಯಿರಲಿಲ್ಲ. ಕೃಪೆ, ಕರುಣೆ, ದಯೆ, ಅನುಗ್ರಹ, ಪ್ರಸಾದ, ವರ ಎಂಬಿವೆಲ್ಲವೂ ಶತಮಾನಗಳಿಂದ ಇಲ್ಲಿ ರೂಢಿಯಲ್ಲಿದ್ದವು. ತೊಡಕು ಹುಟ್ಟಿದುದು ಈ ಸಮೃದ್ಧಿಯಿಂದಲೇ; ಏಕೆಂದರೆ ಇವುಗಳಲ್ಲಿ ಹಲವು ಶಬ್ದಗಳು ಆಗಲೇ ಒಂದೊಂದು ಮತಸಿದ್ಧಾಂತವನ್ನು ತಮ್ಮ ಗರ್ಭದಲ್ಲಿ ಧರಿಸಿದ್ದವು. ಭಾಷಾಂತರಕಾರರು ಇವುಗಳಲ್ಲಿ ಯಾವುದನ್ನು ಆರಿಸಿದರು, ಆರಿಸಿದುದನ್ನು ಹೇಗೆ ತಿದ್ದಿಕೊಂಡರು ಎಂಬ ವಿಚಾರವು ಧರ್ಮಶಾಸ್ತ್ರಕ್ಕೆ ಹೇಗೋ ಹಾಗೆಯೇ ಕನ್ನಡ ಗದ್ಯದ ಇತಿಹಾಸಕ್ಕೂ ಸಂಬಂಧಪಟ್ಟುದಾಗಿದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಯಲ್ಲಿ ನೆಲಸಿ ಈ ಕಾರ್ಯವನ್ನು ಆರಂಭಿಸಿದನು. 1820ರ ದಶಕದಲ್ಲಿ ಹೊಸ ಒಡಂಬಡಿಕೆಯೂ 1831ರಲ್ಲಿ ಸಂಪೂರ್ಣ ಬೈಬಲೂ ಕನ್ನಡದಲ್ಲಿ ಹೊರಬಿದ್ದವು. ಮುಂದೆ ಅದನ್ನು ಪರಿಷ್ಕರಿಸಿದವರಲ್ಲಿ ಇಬ್ಬರು ಗಮನಾರ್ಹರು. ಒಬ್ಬನು ಕನ್ನಡ ಭಾಷಾಸಾಹಿತ್ಯಗಳ ಮೇಲೆ ಜರ್ಮನ್ ಭಾಷೆಯಲ್ಲಿ ಪ್ರಬಂಧ ಬರೆದ ಬಾಸೆಲ್ ಮಿಷನ್ನಿನ ವೈಗ್ಲೆ. ಇನ್ನೊಬ್ಬನು 1837ರಿಂದ 1887ರವರೆಗೆ ಬೆಂಗಳೂರಿನಲ್ಲಿ ದುಡಿದ ಬೆಂಜಮಿನ್ ರೈಸ್. ಶಾಸನ ಸಂಶೋಧಕ ಬಿ. ಎಲ್. ರೈಸರೂ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದ ಇ. ಪಿ. ರೈಸರೂ ಈತನ ಮಕ್ಕಳು. ಅವೆನ್ಯೂ ರಸ್ತೆಯ ದೇವಾಲಯವು ಈತನ ಹೆಸರನ್ನೇ ಹೊತ್ತಿದೆ. ಹೀಗೆ ಹಲವು ತಲೆಮಾರುಗಳ ಕೈಯಲ್ಲಿ ರೂಪುಗೊಂಡು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದಿಕೆಗೆ ಬಂದ ಸತ್ಯವೇದದ ಶಬ್ದಗಳೇ ಇಲ್ಲಿ ವಿವೇಚನೆಗೆ ವಿಷಯ.

ಮೊದಲು ‘ವರ’ ಶಬ್ದವನ್ನು ನೋಡಬಹುದು. ದೇವರು ಕೊಡುವ ದಾನಕ್ಕೆ ಇದಕ್ಕಿಂತ ಪರಿಚಿತವಾದ ಮಾತಿಲ್ಲ. ಆದರೆ ಪುರಾಣಗಳಲ್ಲಿ ವರವು ಬಹುಮಟ್ಟಿಗೆ ತಪಸ್ಸಿನ ಫಲ. ರಾವಣನೂ ಹಿರಣ್ಯಕಶಿಪುವೂ ಭಸ್ಮಾಸುರನೂ ಘೋರ ತಪಸ್ಸನ್ನಾಚರಿಸಿ ವರಗಳನ್ನು ಪಡೆದರು. ಕೊಡುವ ದೇವತೆಯು ಆ ತಪಸ್ಸಿಗೆ ಕಟ್ಟುಬಿದ್ದಂತೆ ಕಾಣುವನು. ಪೌಲನ ಅಭಿಪ್ರಾಯವು ಇದಕ್ಕೆ ನೇರ ವಿರುದ್ಧವಾದುದು. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ ಕೊನೆಯಲ್ಲಿ ಅವನು ಸಂಬಳವನ್ನೂ ದಾನವನ್ನೂ ಎದುರುಬದುರಾಗಿ ನಿಲ್ಲಿಸಿ, ಪಾಪಕ್ಕೆ ಸಿಕ್ಕುವುದು ಸಂಬಳ, ದೇವರಿಂದ ಬರುವುದು ದಾನ ಎಂದು ಭೇದವೆಣಿಸುತ್ತಾನೆ. ಇಲ್ಲಿ ಬರಿಯ ‘ವರ’ವೆಂದಿದ್ದರೆ, ಪುರಾಣಶ್ರವಣದ ಸಂಸ್ಕಾರವುಳ್ಳ ಓದುಗನು ಅದನ್ನೂ ಒಂದು ಬಗೆಯ ಸಂಬಳವೆಂದೇ ಗ್ರಹಿಸುವ ಸಂಭವವಿತ್ತು. ಆದುದರಿಂದ ಭಾಷಾಂತರಕಾರರು ಅದಕ್ಕೆ ವಿಶೇಷಣವೊಂದನ್ನು ಸೇರಿಸಿ ‘ಉಚಿತಾರ್ಥ ವರ’ವೆಂದರು.

ಈ ‘ಉಚಿತ’ ಶಬ್ದದ ಚರಿತ್ರೆಯು ಸ್ವಾರಸ್ಯವುಳ್ಳದ್ದು. ಸಂಸ್ಕೃತದಲ್ಲಿ ಅದಕ್ಕೆ ಯುಕ್ತವಾದುದು, ತಕ್ಕುದು ಎಂದರ್ಥ. ಸಮಯೋಚಿತ, ಯಥೋಚಿತ ಎಂಬ ಸಮಾಸಗಳಲ್ಲಿ ಕನ್ನಡದಲ್ಲಿಯೂ ಅದೇ ಅರ್ಥ ನಿಂತಿದೆ. ಆದರೆ ಕನ್ನಡದ ಬಳಕೆಯಲ್ಲಿ ಅದಕ್ಕೆ ಬೆಲೆಯಿಲ್ಲದೆ ಕೊಟ್ಟುದು ಎಂಬ ಎರಡನೆಯ ಅರ್ಥವೂ ಬಂದಿತು. ಯೋಗ್ಯತೆಗೆ ತಕ್ಕುದೆಂಬ ಅರ್ಥದ ಶಬ್ದವೇ, ಯೋಗ್ಯತೆಯನ್ನು ನೋಡದೆ ಕೊಡುವ ದಾನಕ್ಕೆ ಹೆಸರಾಯಿತು. ಸತ್ಯವೇದವು ಈ ಎರಡನೆಯ ಅರ್ಥವನ್ನೇ ಹಿಡಿದು, ‘ಅರ್ಥ’ವೆಂಬುದನ್ನು ಕೂಡಿಸಿ, ಸಂದೇಹಕ್ಕೆ ಆಸ್ಪದವಿಲ್ಲದಂತೆ ಮಾಡಿತು. ಗ್ರೀಕ್ ಮೂಲದಲ್ಲಿಯೂ ಇಂತಹುದೇ ತೊಡಕಿತ್ತು. ‘ಖಾರಿಸ್’ ಎಂಬ ಶಬ್ದಕ್ಕೆ ಅನುಗ್ರಹವೆಂದೂ ಕೃತಜ್ಞತೆಯೆಂದೂ ಅರ್ಥಗಳುಂಟು. ಉಪಕಾರಕ್ಕೆ ಪ್ರತ್ಯುಪಕಾರವನ್ನು ನಿರೀಕ್ಷಿಸುವ ಲೋಕವ್ಯವಹಾರದಲ್ಲಿ ಅದು ಬಳಕೆಯಾಗುತ್ತಿದ್ದಿತು. ಅದೇ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪೌಲನು ಆ ಶಬ್ದದ ಜೊತೆಗೆ ‘ಬಿಟ್ಟಿಯಾಗಿ’ ಎಂಬರ್ಥದ ಕ್ರಿಯಾವಿಶೇಷಣವನ್ನು ಕೂಡಿಸಿದನು. ಕನ್ನಡವು ಅಲ್ಲಿಯೂ ‘ಉಚಿತಾರ್ಥ’ವನ್ನೇ ಬಳಸಿರುವುದು.

ಕೃಪೆಗೆ ಪ್ರತಿಯಾಗಿ ನಿಲ್ಲುವ ಶಬ್ದಗಳ ಆಯ್ಕೆಯಲ್ಲಿ ಇನ್ನೂ ಹೆಚ್ಚಿನ ಧೈರ್ಯ ಕಾಣುವುದು. ಪೌಲನು ನಿಷೇಧಿಸುವ ‘ಧರ್ಮಶಾಸ್ತ್ರದ ಕ್ರಿಯೆಗಳು’ ಯೆಹೂದ್ಯರ ಸುನ್ನತಿ, ಆಹಾರನಿಯಮ, ಸಬ್ಬತ್ ಮುಂತಾದುವನ್ನು ನೆನಪಿಗೆ ತರುವಂಥವು. ಕನ್ನಡವು ಅದಕ್ಕೆ ‘ನೇಮನಿಷ್ಠೆಗಳು’ ಎಂಬ ಮನೆಮಾತನ್ನೇ ಎತ್ತಿಕೊಂಡಿತು. ಇದರಿಂದ ದೂರದೇಶದ ವಿವಾದವು ಓದುಗನ ಮನೆಯ ಒಳಗೇ ಬಂದು ನಿಂತಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ನೇಮನಿಷ್ಠೆಯೆಂದರೆ ಮಡಿ, ವ್ರತ, ಏಕಾದಶಿಯ ಉಪವಾಸ. ಅದು ಗೌರವದ ಮಾತು. ಅದರಿಂದ ರಕ್ಷಣೆಯಿಲ್ಲವೆಂಬ ವಾಕ್ಯವು ಅಲ್ಲಿ ಎಷ್ಟು ಕಠೋರವಾಗಿ ಕೇಳಿಸುವುದೋ, ಪೌಲನ ಮಾತೂ ಅವನ ಸ್ವಜನರಿಗೆ ಅಷ್ಟೇ ಕಠೋರವಾಗಿ ಕೇಳಿಸಿರಬೇಕು.

ಮೂರನೆಯದು ‘ನೀತಿವಂತನೆಂದು ನಿರ್ಣಯಿಸಲ್ಪಡು’ ಎಂಬ ಪ್ರಯೋಗ. ಕರ್ಮಣಿ ಪ್ರಯೋಗದ ಇಂತಹ ರೂಪಗಳು ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲವೆಂಬ ಆಕ್ಷೇಪವು ಸಾಧುವಾದುದೇ. ಆದರೆ ಇಲ್ಲಿ ಅದಕ್ಕೊಂದು ಪ್ರಯೋಜನವಿದೆ: ಮನುಷ್ಯನು ಕರ್ತೃವಲ್ಲ, ತೀರ್ಪನ್ನು ಕೇಳಿ ನಿಂತವನು ಎಂಬ ಭಾವವು ಕ್ರಿಯಾಪದದಲ್ಲಿಯೇ ಸ್ಫುಟವಾಗುವುದು. ಅಲ್ಲದೆ ‘ನೀತಿವಂತನಾಗುವನು’ ಎನ್ನುವುದಕ್ಕೂ ‘ನೀತಿವಂತನೆಂದು ನಿರ್ಣಯಿಸಲ್ಪಡುವನು’ ಎನ್ನುವುದಕ್ಕೂ ಇರುವ ಅಂತರದಲ್ಲಿಯೇ 16ನೆಯ ಶತಮಾನದ ಯೂರೋಪಿನ ಮಹಾವಿವಾದವು ಅಡಗಿದೆ. ದೇವರು ಪಾಪಿಯನ್ನು ಕ್ರಿಸ್ತನ ನಿಮಿತ್ತ ನೀತಿವಂತನೆಂದು ಘೋಷಿಸುವನೆಂಬುದು ಲೂಥರನ ಪಕ್ಷ. ಕೃಪೆಯು ಅವನೊಳಗೆ ಪ್ರವೇಶಿಸಿ ಅವನನ್ನು ನೀತಿವಂತನನ್ನಾಗಿ ಮಾಡುವುದೆಂದು 1547ರಲ್ಲಿ ಟ್ರೆಂಟ್ ಮಹಾಸಭೆಯು ವಿಧಿಸಿತು. ಕನ್ನಡ ಸತ್ಯವೇದದ ‘ಎಂದು’ ಎಂಬ ಅವ್ಯಯವು ಮೊದಲನೆಯ ಪಕ್ಷಕ್ಕೆ ಒಲಿದಿದೆ. ಕೆಥೊಲಿಕ್ ಸಭೆಯ ಕನ್ನಡ ಪ್ರಾರ್ಥನೆಗಳಲ್ಲಿ ಕೃಪೆಗೆ ‘ವರಪ್ರಸಾದ’ವೆಂಬ ಬೇರೆ ಪರಿಭಾಷೆಯೇ ರೂಢವಾಗಿರುವುದು.

ಆ ವಿವಾದವು ಒಂದು ಶಬ್ದದ ಸುತ್ತಲೂ ನಡೆದುದೆಂಬುದನ್ನು ಸಾಹಿತ್ಯದ ಉಪಾಧ್ಯಾಯರು ಗಮನಿಸಬೇಕು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಲೂಥರನು ರೋಮಾಪುರದವರ ಪತ್ರಿಕೆಯ 3ನೆಯ ಅಧ್ಯಾಯದ ಒಂದು ವಾಕ್ಯಕ್ಕೆ, ಮೂಲದಲ್ಲಿಲ್ಲದ ‘ಮಾತ್ರ’ವೆಂಬರ್ಥದ ಪದವನ್ನು ಸೇರಿಸಿದನು. ಅದು ಪ್ರಕ್ಷೇಪವೆಂದು ವಿರೋಧಿಗಳು ದೂರಿದರು. ಹಾಗೆ ಹೇಳುವುದು ಜರ್ಮನ್ ನುಡಿಯ ಮರ್ಯಾದೆ, ಪೌಲನ ಅಭಿಪ್ರಾಯವೂ ಅದೇ ಎಂದು ಅವನು 1530ರಲ್ಲಿ ಭಾಷಾಂತರವನ್ನು ಕುರಿತ ಪತ್ರವೊಂದರಲ್ಲಿ ಸಮಾಧಾನ ಹೇಳಿದನು. ಕನ್ನಡದಲ್ಲಿ ಇದಕ್ಕೆ ಬೇರೊಂದು ಪದವೇ ಬೇಕಿಲ್ಲ. ‘ಕೃಪೆಯಿಂದಲೇ’ ಎಂಬಲ್ಲಿಯ ಅವಧಾರಣೆಯ ಏಕಾರವೊಂದೇ ಸಾಕು. ಲೂಥರನ್ ಸಭೆಗಳ ಲೋಕಸಂಘವೂ ಕೆಥೊಲಿಕ್ ಸಭೆಯೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಸಂಯುಕ್ತ ಘೋಷಣೆಗೆ ಸಹಿಹಾಕಿ, ಸ್ವಂತ ಪುಣ್ಯದಿಂದಲ್ಲದೆ ಕೃಪೆಯಿಂದಲೇ ದೇವರು ಮನುಷ್ಯನನ್ನು ಅಂಗೀಕರಿಸುವನೆಂಬ ಮೂಲಾಂಶದಲ್ಲಿ ಒಮ್ಮತವನ್ನು ಸಾರಿದುವು.

ಈ ಪ್ರಶ್ನೆಯು ಕ್ರೈಸ್ತರಲ್ಲಿ ಮಾತ್ರ ಹುಟ್ಟಿದುದಲ್ಲ. ಶ್ರೀವೈಷ್ಣವರಲ್ಲಿ ವೇದಾಂತದೇಶಿಕರ ಅನುಯಾಯಿಗಳು ಮರ್ಕಟಕಿಶೋರ ನ್ಯಾಯವನ್ನೂ ಪಿಳ್ಳೈ ಲೋಕಾಚಾರ್ಯರ ಅನುಯಾಯಿಗಳು ಮಾರ್ಜಾಲಕಿಶೋರ ನ್ಯಾಯವನ್ನೂ ಹೇಳುತ್ತಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಂಡಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುವುದು. ಮಧ್ವಮತದಲ್ಲಿ ಮೋಕ್ಷವು ವಿಷ್ಣುಪ್ರಸಾದದಿಂದಲೇ ಲಭ್ಯ. ವೀರಶೈವರ ಷಟ್‌ಸ್ಥಲಗಳಲ್ಲಿ ಪ್ರಸಾದಿಯದು ಮೂರನೆಯದು. ತನ್ನದೆಂಬುದೆಲ್ಲವನ್ನೂ ಅರ್ಪಿಸಿ, ಅದನ್ನೇ ಶಿವನ ಪ್ರಸಾದವೆಂದು ಮರಳಿ ಸ್ವೀಕರಿಸುವವನೇ ಪ್ರಸಾದಿ. ಆದುದರಿಂದ ಈ ದೇಶದಲ್ಲಿ ಕರ್ಮವಾದವಲ್ಲದೆ ಕೃಪಾವಾದವಿಲ್ಲವೆಂಬ ಮಾತು ನಿಲ್ಲತಕ್ಕುದಲ್ಲ. ಜರ್ಮನ್ ವಿದ್ವಾಂಸ ರುಡಾಲ್ಫ್ ಓಟೊ ಭಾರತದ ಕೃಪಾಧರ್ಮವನ್ನು ಕ್ರೈಸ್ತಧರ್ಮದೊಡನೆ ಹೋಲಿಸಿ ಒಂದು ಗ್ರಂಥವನ್ನೇ ಬರೆದನು.

ಸಾಮ್ಯವಿದ್ದ ಮಾತ್ರಕ್ಕೆ ಐಕ್ಯವುಂಟೆಂದು ಭಾವಿಸಲಾಗದು. ಮಧ್ವಮತದಲ್ಲಿ ಜೀವರಿಗೆ ಸ್ವರೂಪತಃ ತಾರತಮ್ಯವುಂಟು. ಪೌಲನು ಪಾಪದ ವಿಷಯದಲ್ಲಿ ಯಾರಲ್ಲಿಯೂ ಭೇದವಿಲ್ಲವೆಂದು ಹೇಳಿ ಅದರ ಮೇಲೆಯೇ ಕೃಪೆಯನ್ನು ಪ್ರತಿಷ್ಠಾಪಿಸುತ್ತಾನೆ. ಪ್ರಸಾದವೆಂಬಲ್ಲಿ ಅರ್ಪಣವು ಮೊದಲು, ಸ್ವೀಕಾರವು ಅನಂತರ. ಸುವಾರ್ತೆಯಲ್ಲಿ ಅರ್ಪಣವೂ ದೇವರದೇ. ಮುಖ್ಯವಾಗಿ, ಕ್ರೈಸ್ತರ ಕೃಪೆಯು ಶಿಲುಬೆಯ ಮರಣವೆಂಬ ಒಂದೇ ಐತಿಹಾಸಿಕ ಘಟನೆಗೆ ಬದ್ಧವಾಗಿದೆ.

ಕೃಪೆಯೇ ಸಾಕಾದರೆ ಸತ್ಕರ್ಮವೇಕೆ ಎಂಬ ಆಕ್ಷೇಪವನ್ನು ಪೌಲನೇ ಎತ್ತಿ, ರಕ್ಷಣೆ ಹೊಂದಿದವನು ಪಾಪಕ್ಕೆ ಸತ್ತವನಾದುದರಿಂದ ಅದರಲ್ಲಿಯೇ ಬಾಳಲಾರನೆಂದು ಉತ್ತರವಿತ್ತನು. ಕನ್ನಡನಾಡಿನಲ್ಲಿ ಇದಕ್ಕೆ ಪ್ರತ್ಯಕ್ಷ ನಿದರ್ಶನವುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗಾಗಿ ನೇಯ್ಗೆಯ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಪುಣ್ಯಕ್ರಿಯೆಯಿಂದ ರಕ್ಷಣೆಯಿಲ್ಲವೆಂದು ಬೋಧಿಸಿದವರೇ ದುಡಿಮೆಯನ್ನು ಕಟ್ಟುನಿಟ್ಟಾಗಿ ಕಲಿಸಿದರು. ಅವರ ದೃಷ್ಟಿಯಲ್ಲಿ ಇದು ವಿರೋಧವಲ್ಲ: ಕ್ರಿಯೆಯು ಕೃಪೆಗೆ ಕಾರಣವಲ್ಲ, ಕಾರ್ಯ.

ಕನ್ನಡ ಸತ್ಯವೇದದ ಗದ್ಯವನ್ನು ಪಾಠಹೇಳುವವರು ಅದರ ವಾಕ್ಯರಚನೆಯ ಬಿಗುವನ್ನು ಪರದೇಶಿಯರ ಅಕೌಶಲವೆಂದಷ್ಟೇ ತಳ್ಳಿಹಾಕುವುದು ಯುಕ್ತವಲ್ಲ. ‘ವರ’ಕ್ಕೆ ‘ಉಚಿತಾರ್ಥ’ವನ್ನು ಬಿಗಿದುದರಲ್ಲಿಯೂ, ‘ನೀತಿವಂತನೆಂದು’ ಎಂಬಲ್ಲಿಯ ಅವ್ಯಯದಲ್ಲಿಯೂ, ಏಕಾರದಲ್ಲಿಯೂ ಅರ್ಥದ ನಿರ್ಧಾರಗಳು ಅಡಗಿವೆ. ಅವುಗಳನ್ನು ಬಿಡಿಸಿ ತೋರಿಸದಿದ್ದರೆ ವಿದ್ಯಾರ್ಥಿಯು ‘ವರ’ವೆಂಬುದನ್ನು ಪುರಾಣದ ರೀತಿಯಲ್ಲಿ ಓದಿ, ವಾಕ್ಯವು ಏನನ್ನು ನಿಷೇಧಿಸುವುದೋ ಅದನ್ನೇ ಅದರ ತಾತ್ಪರ್ಯವೆಂದು ಬರೆದಾನು.